ಪಿಮ್ಸ್ ನೋಂದಣಿ: ಐನೂರು ರೂಪಾಯಿಯ ಕೆಲಸ, ತಲೆನೋವೆಲ್ಲ ತಾರೀಖಿನದ್ದು

ಕಾಗದ ಆಮದು ಮಾಡುವವರು ಮಾಡಿಸಲೇಬೇಕಾದ ಪಿಮ್ಸ್ ನೋಂದಣಿಗೆ ಮೊದಲು ಅಂಕ ಹೇಳಿಬಿಡುತ್ತೇನೆ. 5ಕ್ಕೆ ಮೂರೂವರೆ. ನೋಂದಣಿ ಮಾಡುವ ಕೆಲಸಕ್ಕೆ ನಾಲ್ಕು ಕೊಡಬಹುದು, ನಿಯಮ ಬರೆದ ರೀತಿಗೆ ಮೂರು. ಈ ಕೆಲಸಕ್ಕೆ ಮಧ್ಯದಲ್ಲಿ ನಿಂತು ದುಡ್ಡು ಕೇಳುವ ಏಜೆಂಟರಿಗೆ ಎಷ್ಟು ಅನ್ನೋದು ಆಮೇಲೆ.

ನಾನು ಬೆಂಗಳೂರಿನಲ್ಲಿ ಸಣ್ಣದೊಂದು ಪ್ಯಾಕೇಜಿಂಗ್ ಘಟಕ ನಡೆಸುತ್ತೇನೆ. ಅಗರಬತ್ತಿ ಪೊಟ್ಟಣ, ಸ್ವೀಟ್ ಬಾಕ್ಸ್, ಔಷಧಿ ಕಾರ್ಟನ್, ಬಾಟಲಿ ಲೇಬಲ್, ಇಂಥವು. ಜಾಸ್ತಿ ಕೆಲಸ ಇಲ್ಲಿನ ಬೋರ್ಡ್‌ನಲ್ಲೇ, ಅಂದರೆ ಡಬ್ಬಿ ಮಾಡುವ ದಪ್ಪ ಕಾಗದದಲ್ಲೇ, ಆಗುತ್ತದೆ. ಆದರೆ ಕೆಲವು ಗಿರಾಕಿಗಳು ಹೊರಗಿನ ಬೋರ್ಡೇ ಬೇಕು ಅಂತ ಪಟ್ಟು ಹಿಡಿಯುತ್ತಾರೆ, ಅದರಲ್ಲೂ ಫೋಲ್ಡಿಂಗ್ ಬಾಕ್ಸ್ ಬೋರ್ಡ್ ಮತ್ತು ಅಂಟು ಹಚ್ಚಿದ ಲೇಬಲ್ ಪೇಪರ್. ಹೀಗಾಗಿ ಆಮದು. ಆಮದು ಅಂದ ಮೇಲೆ ಪಿಮ್ಸ್.

ಗೊತ್ತಿಲ್ಲದವರಿಗೆ ಎರಡು ಮಾತು. ಪಿಮ್ಸ್ ಅಂದರೆ ಪೇಪರ್ ಇಂಪೋರ್ಟ್ ಮಾನಿಟರಿಂಗ್ ಸಿಸ್ಟಮ್. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ನಾವೆಲ್ಲ ಡಿಜಿಎಫ್‌ಟಿ ಅನ್ನುತ್ತೇವಲ್ಲ ಅದು, 2022ರ ಮೇ 25ರಂದು ಆದೇಶ ಹೊರಡಿಸಿತು. ಜುಲೈ 15ರಿಂದ ಆನ್‌ಲೈನ್ ನೋಂದಣಿ ಶುರುವಾಯಿತು, ಅಕ್ಟೋಬರ್ 1ರಿಂದ ಕಡ್ಡಾಯ. ಕಸ್ಟಮ್ಸ್ ಪಟ್ಟಿಯ 48ನೇ ಅಧ್ಯಾಯದಲ್ಲಿ 201 ಬಗೆಯ ಕಾಗದ ಇದರಡಿ ಬರುತ್ತದೆ. ನ್ಯೂಸ್‌ಪ್ರಿಂಟ್, ಕೈಯಿಂದ ಮಾಡಿದ ಕಾಗದ, ಕೋಟೆಡ್, ಅನ್‌ಕೋಟೆಡ್, ಟಿಶ್ಯೂ, ಟಾಯ್ಲೆಟ್ ಪೇಪರ್, ಕಾರ್ಟನ್, ಲೇಬಲ್, ಹೀಗೆ ಬಹುಪಾಲು ಎಲ್ಲವೂ. ಬಿಟ್ಟಿರುವುದು ನೋಟು ಮುದ್ರಿಸುವ ಕಾಗದ, ಚೆಕ್ ಕಾಗದ, ಬಾಂಡ್ ಕಾಗದ ಥರದವು. (ನೋಟಿನ ಕಾಗದ ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ, ಅದರ ಗೋಜು ನಮಗೆ ಬೇಡ.) ರದ್ದಿ ಕಾಗದ 47ನೇ ಅಧ್ಯಾಯ, ಅದಕ್ಕೆ ಬೇರೆಯೇ ನಿಯಮಗಳು.

ಇದು ಲೈಸೆನ್ಸ್ ಅಲ್ಲ. ಯಾರೂ ನಿಮ್ಮ ಅರ್ಜಿ ನೋಡಿ ಹೂಂ ಅಥವಾ ಊಹೂಂ ಅನ್ನುವುದಿಲ್ಲ. ಆಮದು ಮೊದಲಿನಂತೆ ಮುಕ್ತವೇ, ಆದರೆ ನೋಂದಣಿ ಮಾಡಿಸಿ ಅಂತ ಅಷ್ಟೆ. ವಿವರ ತುಂಬಿ ದುಡ್ಡು ಕಟ್ಟಿದರೆ ನಂಬರ್ ತಾನಾಗಿಯೇ ಬರುತ್ತದೆ. ಆ ನಂಬರನ್ನೂ ಅದರ ಅವಧಿ ಮುಗಿಯುವ ತಾರೀಖನ್ನೂ ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಮಾಲು ಬಿಡಿಸಲು ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆಯಲ್ಲಿ, ಹಾಕಬೇಕು. ಹಾಕದಿದ್ದರೆ ಕಸ್ಟಮ್ಸ್ ಮಾಲು ಬಿಡುವುದಿಲ್ಲ.

ಯಾಕೆ ತಂದರು ಅಂತ ಕೇಳಿದರೆ, ಸರ್ಕಾರ ಆಗ ಹೇಳಿದ ಕಾರಣ ಸುಳ್ಳೇನಲ್ಲ. ಇಲ್ಲಿನ ಮಿಲ್ಲುಗಳು ತುಂಬಾ ದಿನದಿಂದ ದೂರುತ್ತಿದ್ದವು. ಬೆಲೆ ಕಡಿಮೆ ತೋರಿಸಿ ಮಾಲು ತರುತ್ತಾರೆ, ಒಂದು ಹೆಸರಲ್ಲಿ ಇನ್ನೊಂದು ತರುತ್ತಾರೆ, ಸುಂಕ ವಿನಾಯಿತಿ ಇರುವ ದೇಶದ ದಾರಿ ಹಿಡಿದು ಬೇರೆ ದೇಶದ ಮಾಲು ನುಗ್ಗಿಸುತ್ತಾರೆ ಅಂತ. ಇನ್ನೊಂದು, ತುಂಬಾ ಜನ ಎಲ್ಲವನ್ನೂ 'ಇತರೆ' ಅನ್ನುವ ಸಾಲಿಗೆ ತಳ್ಳಿಬಿಡುತ್ತಿದ್ದರು. ಯಾವ ಕಾಗದ ಎಷ್ಟು ಬಂತು ಅಂತ ಲೆಕ್ಕವೇ ಸಿಗದು. ದಾಂಡೇಲಿಯಂಥ ಕಡೆ ಮಿಲ್ ನಡೆಸುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಯಂತ್ರಗಳು ನಿಂತು ವರ್ಷಗಳೇ ಆದವು. ಅದಕ್ಕೆ ಆಮದು ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೂ ಆ ಊರಿನವರ ಮುಂದೆ ನಿಂತು ಆಮದಿಗೆ ಯಾವ ನಿಗಾನೂ ಬೇಡ ಅನ್ನೋಕೆ ಬಾಯಿ ಬರುವುದಿಲ್ಲ. ಹಾಗಾಗಿ ವ್ಯವಸ್ಥೆ ಯಾಕಿದೆ ಅನ್ನೋ ಬಗ್ಗೆ ನನ್ನ ತಕರಾರಿಲ್ಲ.

ಈಗ ಕೆಲಸ ಹೇಗಾಗುತ್ತದೆ ನೋಡೋಣ. ಐಇಸಿ (ಆಮದು-ರಫ್ತು ಮಾಡುವವರ ಗುರುತಿನ ಸಂಖ್ಯೆ) ಇರಬೇಕು, ಡಿಜಿಎಫ್‌ಟಿ ಸೈಟಿನಲ್ಲಿ ಲಾಗಿನ್ ಇರಬೇಕು, ಆ ಲಾಗಿನ್‌ಗೆ ಐಇಸಿ ಜೋಡಿಸಿರಬೇಕು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿ ವಿವರ ಸರಿಯಿದೆ ಅಂತ ಖಚಿತಪಡಿಸಬೇಕು, ಏನೂ ಬದಲಾಗದಿದ್ದರೂ ಸರಿ. ಬಿಟ್ಟರೆ ಐಇಸಿ ನಿಷ್ಕ್ರಿಯವಾಗುತ್ತದೆ. ಜುಲೈನಲ್ಲಿ ಮಾಲು ತರಿಸುವವರು ಇಲ್ಲೇ ಸಿಕ್ಕಿಬೀಳುವುದು. ಉಳಿದದ್ದು ಸಲೀಸು. ಯಾವ ಮಾಲು, ಎಷ್ಟು, ಬೆಲೆ ಎಷ್ಟು, ಎಲ್ಲಿಂದ, ಯಾವ ಬಂದರು, ಯಾವಾಗ ಬರಬಹುದು. ತುಂಬಿದರೆ ಆಯಿತು.

ಶುಲ್ಕ 500 ರೂಪಾಯಿ. ಒಂದು ಪ್ಯಾಲೆಟ್ ತರಲಿ, ಹಡಗು ತುಂಬಾ ತರಲಿ, ಅಷ್ಟೇ. ಉಕ್ಕಿಗೆ 2019ರಲ್ಲಿ ಇದೇ ಥರದ ವ್ಯವಸ್ಥೆ ತಂದಾಗ ಶುಲ್ಕವನ್ನು ಮಾಲಿನ ಬೆಲೆಗೆ ಕಟ್ಟಿದ್ದರು, ಸಾವಿರಕ್ಕೆ ಒಂದು ರೂಪಾಯಿ, ಕನಿಷ್ಠ 500, ಗರಿಷ್ಠ ಒಂದು ಲಕ್ಷ. ಕಾಗದಕ್ಕೆ ಹಾಗಿಲ್ಲ. ದೊಡ್ಡವರಿಗೆ ಇದು ಚಹಾದ ಖರ್ಚು. ಸಣ್ಣವರಿಗೂ ಭಾರವೇನಲ್ಲ ಬಿಡಿ, 500 ರೂಪಾಯಿಗಾಗಿ ಅಳುವವರು ಕಂಟೇನರ್ ತರುವುದಿಲ್ಲ. ಒಂದೇ ನಂಬರ್ ಮೇಲೆ, ಅವಧಿ ಇರುವ ತನಕ, ಬರೆಸಿದ ಪ್ರಮಾಣ ಮುಗಿಯುವ ತನಕ, ಒಂದಕ್ಕಿಂತ ಜಾಸ್ತಿ ಬಿಲ್ ಆಫ್ ಎಂಟ್ರಿ ಹಾಕಬಹುದು. ಇದು ನಿಜವಾಗಿ ಒಳ್ಳೆಯದು. ಒಂದು ಆರ್ಡರ್‌ನ ಮಾಲು ಎರಡು ಹಡಗಿನಲ್ಲಿ ಬಂದರೆ ಎರಡು ಸಲ ನೋಂದಣಿ ಬೇಕಿಲ್ಲ.

ಇನ್ನು ತಲೆನೋವಿಗೆ ಬರೋಣ. ತಾರೀಖು.

ಮಾಲು ಬರುವ ಅಂದಾಜು ದಿನಕ್ಕಿಂತ 75 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 5 ದಿನ ಮೊದಲು. ಸಿಕ್ಕ ನಂಬರ್ 75 ದಿನ ನಡೆಯುತ್ತದೆ. ಓದಿದರೆ ಧಾರಾಳ ಅನಿಸುತ್ತದೆ ಅಲ್ವಾ? ಎರಡೂ ತುದಿಯಲ್ಲಿ ಒತ್ತುತ್ತದೆ.

ಮೊದಲು ಉದ್ದದ ತುದಿ. ಫಿನ್‌ಲೆಂಡ್, ಸ್ವೀಡನ್ ಕಡೆಯ ಬೋರ್ಡ್ ತರುವವರನ್ನು ಕೇಳಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಸುಯೆಜ್ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಬರತೊಡಗಿದವು. ಮಧ್ಯದಲ್ಲಿ ಕೊಲಂಬೊದಲ್ಲೋ ಸಿಂಗಪುರದಲ್ಲೋ ಕಂಟೇನರ್ ಇಳಿಸಿ ಬೇರೆ ಹಡಗಿಗೆ ಹತ್ತಿಸುವುದು ಬೇರೆ. ಆರ್ಡರ್ ಕೊಟ್ಟ ಉತ್ಸಾಹದಲ್ಲಿ ಸಾಧ್ಯವಾದಷ್ಟು ಬೇಗ ನಂಬರ್ ತೆಗೆದುಕೊಂಡರೆ, ಹಡಗು ಎರಡು ವಾರ ತಡವಾದರೆ, ಮಾಲು ಚೆನ್ನೈ ಮುಟ್ಟುವ ಹೊತ್ತಿಗೆ ನಂಬರಿನ ಆಯಸ್ಸು ಮುಗಿದಿರುತ್ತದೆ. ಮಿಲ್ಲಿನಿಂದ ಪ್ಯಾಕಿಂಗ್ ಲಿಸ್ಟ್ ಬಂದು, ಹಡಗು ಹೊರಟಿದೆ ಅಂತ ಖಾತ್ರಿಯಾದ ಮೇಲೆ ನೋಂದಣಿ ಮಾಡಿಸುವುದೇ ಜಾಣತನ. ಅದಕ್ಕೂ ಮೊದಲು ಅವಸರ ಬೇಡ.

ಈಗ ಗಿಡ್ಡ ತುದಿ. ಐದು ದಿನದ ಗಡುವು ಬರೆದವರ ಕಣ್ಣ ಮುಂದೆ ಹಡಗು ಮಾತ್ರ ಇತ್ತು ಅನಿಸುತ್ತದೆ. ಜಪಾನಿನಿಂದ ಒಳ್ಳೆಯ ಕಾಗದ ಸ್ವಲ್ಪವೇ ತರಿಸುವ ಆಮಂತ್ರಣ ಪತ್ರಿಕೆಯವರು, ಕಲಾವಿದರಿಗೆ ಕಾಗದ ಮಾರುವವರು ವಿಮಾನದಲ್ಲೇ ತರಿಸುವುದು. ವಿಮಾನದ ಮಾಲು ಎರಡು ಮೂರು ದಿನಕ್ಕೆ ದೇವನಹಳ್ಳಿಗೆ ಬಂದು ಬಿದ್ದಿರುತ್ತದೆ. ಹೊರಟ ಮೇಲೆ ನೋಂದಣಿ ಮಾಡೋಣ ಅಂದರೆ ಐದು ದಿನ ಎಲ್ಲಿ ಸಿಗುತ್ತೆ? ಹಾಗಾಗಿ ಅವರು ಉಲ್ಟಾ ಮಾಡಬೇಕು, ಮೊದಲು ನಂಬರ್ ತೆಗೆದು ಆಮೇಲೆ ಮಾಲು ಹೊರಡಿಸಬೇಕು. ನಿಯಮದಲ್ಲಿ ವಿಮಾನಕ್ಕೆ ಬೇರೆ ಗಡುವು ಇಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅರ್ಧ ಅಂಕ ಇಲ್ಲೇ ಕಟ್.

ಎರಡನೆಯದು ಕೋಡ್. ಎಂಟು ಅಂಕಿಯ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಮಾಲನ್ನು ವಿಂಗಡಿಸುವ ಸಂಖ್ಯೆ) ಸರಿಯಾಗಿ ಗೊತ್ತಿಲ್ಲದವರು ಈ ಫಾರ್ಮ್ ತೆರೆಯಲೇಬಾರದು. ಮಿಲ್‌ನವರು ಇನ್‌ವಾಯ್ಸ್ ಮೇಲೆ ಹಾಕುವ ಕೋಡ್ ಸಾಮಾನ್ಯವಾಗಿ ಆರಂಕಿ. ಅದರ ಮುಂದಿನ ಎರಡಂಕಿ ಭಾರತದ್ದು, ಅದನ್ನು ನೀವೇ ಹುಡುಕಬೇಕು. ಕಾಗದದಲ್ಲಿ ಕೋಡ್ ತಪ್ಪುವುದು ಎಷ್ಟು ಸುಲಭ ಅಂದರೆ, ಅದೇ ಟಿಶ್ಯೂ ಪೇಪರ್ ರೀಲಿನ ಅಗಲ 36 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ 4803, ಅಷ್ಟೇ ಇದ್ದರೆ ಅಥವಾ ಕಡಿಮೆ ಇದ್ದರೆ 4818. ಕಾಗದ ಅದೇ, ಮಿಲ್ ಅದೇ, ಟೇಪು ಹಿಡಿದು ಅಳೆದರೆ ಮಾತ್ರ ಗೊತ್ತಾಗುವ ವ್ಯತ್ಯಾಸ. ನಮ್ಮ ಲೇಬಲ್ ವಿಷಯವೂ ಹಾಗೇ. ಅಂಟು ಹಚ್ಚಿದ ದೊಡ್ಡ ರೀಲ್ 4811ರಲ್ಲಿ, ಲೇಬಲ್ ಆಕಾರಕ್ಕೆ ಕತ್ತರಿಸಿದ್ದು 4821ರಲ್ಲಿ. ಕೋಟೆಡ್ ಬೋರ್ಡ್ 4810. ಅದರೊಳಗೆ ಒಂದೇ ಪದರವೋ, ಹಲವು ಪದರವೋ, ಯಾವ ಪಲ್ಪ್, ಎಷ್ಟು ಗ್ರಾಂ ಅಂತ ಮತ್ತೆ ಕವಲು. ನೋಂದಣಿಯಲ್ಲಿ ಒಂದು ಕೋಡ್, ಬಿಲ್ ಆಫ್ ಎಂಟ್ರಿಯಲ್ಲಿ ಇನ್ನೊಂದು ಆದರೆ ಪ್ರಶ್ನೆ ಬಂದೇ ಬರುತ್ತದೆ. ಮಿಲ್ಲಿನಿಂದ ಟೆಕ್ನಿಕಲ್ ಡೇಟಾ ಶೀಟ್ ತರಿಸಿಕೊಳ್ಳಿ, ಇನ್‌ವಾಯ್ಸ್‌ನಲ್ಲಿ ಬರೀ 'ಪೇಪರ್ ಬೋರ್ಡ್' ಅಂತ ಬರೆಯದೆ ಜಿಎಸ್‌ಎಮ್ (ಚದರ ಮೀಟರ್‌ಗೆ ಎಷ್ಟು ಗ್ರಾಂ), ಪದರ, ಕೋಟಿಂಗ್ ಎಲ್ಲ ಬರೆಯಲು ಹೇಳಿ. ಕೇಳಿದರೆ ಬರೆದು ಕೊಡುತ್ತಾರೆ, ಕೇಳದಿದ್ದರೆ ಬರೆಯುವುದಿಲ್ಲ.

ಮೂರನೆಯದು ತೂಕ. ಮಿಲ್ ಶೀಟ್ ಲೆಕ್ಕದಲ್ಲಿ, ರೀಮ್ ಲೆಕ್ಕದಲ್ಲಿ, ಲೇಬಲ್ ಪೇಪರ್ ಆದರೆ ಚದರ ಮೀಟರ್ ಲೆಕ್ಕದಲ್ಲಿ ಮಾರುತ್ತದೆ. ಇಲ್ಲಿ ಕಿಲೋ ಬೇಕು. ಲೆಕ್ಕ ಕಷ್ಟ ಏನಲ್ಲ. 64 ಸೆಂಟಿಮೀಟರ್‌ಗೆ 90 ಸೆಂಟಿಮೀಟರ್ ಶೀಟ್ ಅಂದರೆ 0.576 ಚದರ ಮೀಟರ್. 300 ಜಿಎಸ್‌ಎಮ್ ಬೋರ್ಡ್ ಆದರೆ ಒಂದು ಶೀಟ್ 172.8 ಗ್ರಾಂ, ನೂರು ಶೀಟಿನ ಪ್ಯಾಕೆಟ್ 17.28 ಕಿಲೋ. ಆದರೆ ಮಿಲ್ಲುಗಳು ಆರ್ಡರ್ ಕೊಟ್ಟಷ್ಟೇ ಕಳಿಸುವುದಿಲ್ಲ. ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ ಅಂತ ಒಪ್ಪಂದದಲ್ಲೇ ಬರೆದಿರುತ್ತಾರೆ. ಇಪ್ಪತ್ತು ಟನ್ ಅಂತ ನೋಂದಣಿ ಮಾಡಿಸಿ, ಇಪ್ಪತ್ತೊಂದು ಟನ್ ಬಂದರೆ ಆ ಒಂದು ಟನ್‌ಗೆ ನಂಬರ್ ಎಲ್ಲಿದೆ? ಅದಕ್ಕೇ ಹೇಳಿದ್ದು, ಪ್ಯಾಕಿಂಗ್ ಲಿಸ್ಟ್ ಕೈಗೆ ಬರಲಿ ಅಂತ. ನೆಟ್ ತೂಕ ಯಾವುದು, ಪ್ಯಾಲೆಟ್ ಮತ್ತು ರೀಲಿನ ಒಳಗಿನ ಕೊಳವೆ ಸೇರಿದ ತೂಕ ಯಾವುದು ಅಂತ ಅದರಲ್ಲೇ ಬೇರೆ ಬೇರೆ ಇರುತ್ತದೆ.

ಪ್ಯಾಲೆಟ್ ಅಂದಾಗ ನೆನಪಾಯಿತು. ಮರದ ಪ್ಯಾಲೆಟ್ ಮೇಲೆ ಗೋಧಿ ತೆನೆ ಥರದ ಚಿಹ್ನೆ, ದೇಶದ ಅಕ್ಷರ, ಪಕ್ಕದಲ್ಲಿ ಎಚ್‌ಟಿ ಅಂತಲೋ ಎಂಬಿ ಅಂತಲೋ ಸುಟ್ಟ ಮುದ್ರೆ ಇರಬೇಕು. ಕೀಟ ಸಾಯಲು ಮರಕ್ಕೆ ಬಿಸಿ ಕೊಟ್ಟಿದ್ದಾರೆ ಅಥವಾ ಅನಿಲ ಹಾಯಿಸಿದ್ದಾರೆ ಅನ್ನುವುದಕ್ಕೆ ಅದು ಗುರುತು. ಇದಕ್ಕೂ ಪಿಮ್ಸ್‌ಗೂ ಸಂಬಂಧ ಇಲ್ಲ. ಆದರೆ ಕಾಗದ ಪೂರ್ತಿ ಸರಿಯಿದ್ದು ಪ್ಯಾಲೆಟ್‌ನಿಂದಾಗಿ ಕಂಟೇನರ್ ನಿಲ್ಲುವುದುಂಟು. ಮಾಲು ತುಂಬುವಾಗ ಮುದ್ರೆಯ ಫೋಟೋ ಕಳಿಸಿ ಅಂತ ಮಿಲ್‌ಗೆ ಹೇಳಿಬಿಡಿ.

ಕಸ್ಟಮ್ಸ್ ಭಾಗ ಮೊದಲಿಗಿಂತ ಎಷ್ಟೋ ವಾಸಿ. ಈಗ ನಿಮ್ಮ ಬಿಲ್ ನೋಡುವ ಅಧಿಕಾರಿ ನಿಮ್ಮ ಊರಿನವರೇ ಆಗಿರಬೇಕಿಲ್ಲ, ಇನ್ಯಾವುದೋ ಊರಿನಲ್ಲಿ ಕೂತು ನೋಡುತ್ತಾರೆ. ಈ ಮುಖ ನೋಡದ ಪದ್ಧತಿ 2020ರ ಜೂನ್ 8ರಂದು ಮೊದಲು ಶುರುವಾಗಿದ್ದೇ ಬೆಂಗಳೂರು ಮತ್ತು ಚೆನ್ನೈನಲ್ಲಿ, ಆಗ ಯಂತ್ರೋಪಕರಣಗಳಿಗೆ ಮಾತ್ರ. ಅದೇ ವರ್ಷ ದೇಶಕ್ಕೆಲ್ಲ ಬಂತು. ಕಾಗದಪತ್ರ ಸರಿ ಇದ್ದರೆ, ಮತ್ತೆ ನಿಮ್ಮ ಹಿಂದಿನ ದಾಖಲೆ ಚೆನ್ನಾಗಿದ್ದರೆ, ಯಾರೂ ತಡೆಯದೆ ಬಿಲ್ ಹೊರಬರುವುದೂ ಉಂಟು. ಕಾಗದಪತ್ರ ಸರಿ ಇಲ್ಲದಿದ್ದರೆ ಹೋಗಿ ಮಾತಾಡಿ ಬಗೆಹರಿಸೋಣ ಅನ್ನುವ ಹಳೆಯ ದಾರಿ ಇಲ್ಲ. ಬರೆದು ಉತ್ತರ ಕೊಡಬೇಕು, ಕಾಯಬೇಕು. ಹಡಗಿನಲ್ಲಿ ಬಂದ ಮಾಲಿಗೆ ಸಾಮಾನ್ಯವಾಗಿ ಹಡಗು ಮುಟ್ಟುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಹಾಕಿರಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಪಿಮ್ಸ್ ನಂಬರ್ ಇಲ್ಲದೆ ಬಿಲ್ ಹಾಕೋ ಹಾಗಿಲ್ಲ, ಬಿಲ್ ಇಲ್ಲದೆ ದಂಡ ನಿಲ್ಲೋ ಹಾಗಿಲ್ಲ. ಐನೂರು ರೂಪಾಯಿಯ ನೋಂದಣಿ ದುಬಾರಿಯಾಗುವುದು ಹೀಗೆ.

ಸುಂಕದ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಬಹುತೇಕ ಕಾಗದಕ್ಕೆ ಮೂಲ ಸುಂಕ 10 ಶೇಕಡ, ಅದರ ಮೇಲೆ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್, ಒಟ್ಟು ಸೇರಿಸಿ ಅದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಹಲವು ಬಗೆಯ ಕಾಗದ, ಬೋರ್ಡ್‌ಗಳ ಜಿಎಸ್‌ಟಿ 12ರಿಂದ 18ಕ್ಕೆ ಏರಿತು. ನೂರು ರೂಪಾಯಿ ಮಾಲಿಗೆ 10, ಮತ್ತೆ 1, ಆಮೇಲೆ 111ರ ಮೇಲೆ 18 ಶೇಕಡ ಅಂದರೆ 19.98, ಒಟ್ಟು 30.98. ಐಜಿಎಸ್‌ಟಿಯನ್ನು ಆಮೇಲೆ ಮಾರುವಾಗ ಕಟ್ಟುವ ತೆರಿಗೆಯಲ್ಲಿ ಇನ್‌ಪುಟ್ ಅಂತ ಕಳೆದುಕೊಳ್ಳಬಹುದು, ಆದರೆ ಮಾಲು ಬಿಡಿಸುವ ದಿನ ಕೈಯಿಂದ ಹೋಗಲೇಬೇಕು. ನಮ್ಮಂಥವರಿಗೆ ಇನ್ನೊಂದು ತಮಾಷೆ ಇದೆ. ಬೋರ್ಡ್ ತರುವಾಗ 18, ಅದರಿಂದ ಮಾಡಿದ ಡಬ್ಬಿ ಮಾರುವಾಗ 5. ನಡುವಿನ ದುಡ್ಡು ರಿಫಂಡ್‌ಗೆ ಕಾಯುತ್ತಾ ಕೂರುತ್ತದೆ.

ಇಂಡೋನೇಷ್ಯಾದಂಥ ಆಸಿಯಾನ್ (ಆಗ್ನೇಯ ಏಷ್ಯಾ ಒಕ್ಕೂಟ) ದೇಶದ ಮಾಲಾದರೆ ಮೂಲ ಸುಂಕದ ದುಡ್ಡು ಉಳಿತಾಯ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಮಾಲು ಆ ದೇಶದ್ದೇ ಅನ್ನುವ ಪ್ರಮಾಣಪತ್ರ ಒಂದನ್ನು ಹಿಡಿದುಕೊಂಡು ಹೋದರೆ ಸಾಲದು. 2020ರ ಸೆಪ್ಟೆಂಬರ್ 21ರಿಂದ ಕಾರೊಟಾರ್ ನಿಯಮ ಬಂದಿದೆ. ಆ ಕಾಗದ ಅಲ್ಲೇ ತಯಾರಾಗಿದ್ದು ಹೇಗೆ ಅನ್ನೋ ವಿವರ ಆಮದು ಮಾಡುವ ನಿಮ್ಮ ಹತ್ತಿರವೇ ಇರಬೇಕು, ಐದು ವರ್ಷ ಇಟ್ಟುಕೊಳ್ಳಬೇಕು. ಇದನ್ನು ಮಿಲ್‌ನವರು ಕೊಡುತ್ತಾರಾ ಅಂತ ದುಡ್ಡು ಕಳಿಸುವ ಮೊದಲು ಕೇಳಿ. ದುಡ್ಡು ಹೋದ ಮೇಲೆ ಅವರ ಮಾತಿನ ಧಾಟಿಯೇ ಬೇರೆ.

ಇನ್ನೊಂದು ಎಚ್ಚರಿಕೆ. ಪಿಮ್ಸ್ ನಂಬರ್ ಬಂತು ಅಂದರೆ ಎಲ್ಲ ಬಾಗಿಲೂ ತೆರೆಯಿತು ಅಂತಲ್ಲ. ಅದು ತಾನಾಗಿ ಬರುವ ನಂಬರ್, ಉಳಿದ ನಿಯಮ ಅದು ನೋಡುವುದಿಲ್ಲ. 2025ರ ಆಗಸ್ಟ್‌ನಲ್ಲಿ ಹಲವು ಪದರದ ವರ್ಜಿನ್ (ರದ್ದಿಯಿಂದಲ್ಲ, ಹೊಸ ಪಲ್ಪ್‌ನಿಂದ ಮಾಡಿದ) ಪೇಪರ್ ಬೋರ್ಡ್‌ಗೆ ಟನ್‌ಗೆ 67,220 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿದರು, 2026ರ ಮಾರ್ಚ್ 31ರವರೆಗೆ ಅಂತ. ಅದಕ್ಕಿಂತ ಕಡಿಮೆ ಬೆಲೆಗೆ ಆರ್ಡರ್ ಕೊಟ್ಟಿದ್ದವರಿಗೆ ಕೈಯಲ್ಲಿ ನಂಬರ್ ಇದ್ದರೂ ಪ್ರಯೋಜನ ಇಲ್ಲ. ಫೋಲ್ಡಿಂಗ್ ಬಾಕ್ಸ್ ಬೋರ್ಡ್ ತರುವವರು ಆರ್ಡರ್ ಕೊಡುವ ದಿನ ಡಿಜಿಎಫ್‌ಟಿ ಅಧಿಸೂಚನೆಗಳ ಪುಟ ಒಮ್ಮೆ ತೆರೆದು ನೋಡಿ. ಜೆರಾಕ್ಸ್ ಪೇಪರ್ ತರುವ ಯೋಚನೆ ಇದ್ದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ಆದೇಶವನ್ನೂ ನೋಡಿಕೊಳ್ಳಬೇಕು.

ಈಗ ಏಜೆಂಟ್. ಹೆಸರು ಬೇಡ. ನಮಗೆ ಮೊದಲು ಕ್ಲಿಯರಿಂಗ್ ಮಾಡುತ್ತಿದ್ದವರು ಪಿಮ್ಸ್ ಅಂತ ಬಿಲ್ಲಿನಲ್ಲಿ ಮೂರು ಸಾವಿರ ಹಾಕುತ್ತಿದ್ದರು, 500 ರೂಪಾಯಿ ಸರ್ಕಾರಿ ಶುಲ್ಕ ಬೇರೆ. ಮೂರು ಸಾವಿರಕ್ಕೆ ಏನು ಮಾಡುತ್ತಾರೆ ಅಂದರೆ, ನಾನೇ ಕಳಿಸಿದ ಇನ್‌ವಾಯ್ಸ್ ನೋಡಿ ಫಾರ್ಮ್ ತುಂಬುವುದು, ನನ್ನದೇ ಮೊಬೈಲಿಗೆ ಬರುವ ಓಟಿಪಿ ಕೇಳುವುದು. ಅದನ್ನೂ ಸಹಿಸಿದ್ದೆ. ಒಂದು ಸಲ ಬಿಲ್ ಆಫ್ ಎಂಟ್ರಿಯಲ್ಲಿ ಹೊಸ ನಂಬರ್ ಹಾಕಿ, ಮುಕ್ತಾಯದ ತಾರೀಖು ಮಾತ್ರ ಹಿಂದಿನ ಕನ್‌ಸೈನ್‌ಮೆಂಟ್‌ದು ಹಾಗೇ ಬಿಟ್ಟಿದ್ದರು. ಪ್ರಶ್ನೆ ಬಂತು. ಅದನ್ನು ನನಗೆ ಹೇಳಲೂ ಇಲ್ಲ, 'ಸಿಸ್ಟಮ್ ಸ್ಲೋ ಇದೆ ಸಾರ್' ಅಂತ ವಾರಾಂತ್ಯ ಕಳೆದರು. ಶಿಪ್ಪಿಂಗ್ ಲೈನ್ ಕೊಟ್ಟಿದ್ದ ಉಚಿತ ದಿನಗಳು ಮುಗಿದು ಡಿಟೆನ್ಶನ್, ಅಂದರೆ ಕಂಟೇನರ್ ಇಟ್ಟುಕೊಂಡಿದ್ದಕ್ಕೆ ಕಟ್ಟುವ ದುಡ್ಡಿನ, ಮೀಟರ್ ಓಡತೊಡಗಿತ್ತು. ಕಸ್ಟಮ್ಸ್‌ನ ಐಸಿಗೇಟ್ ಸೈಟಿನಲ್ಲಿ ಬಿಲ್ ನಂಬರ್ ಹಾಕಿ ನಾನೇ ಸ್ಥಿತಿ ನೋಡಿದಾಗ ವಿಷಯ ಗೊತ್ತಾಯಿತು. ಖರ್ಚು ಅವರು ಹೊರಲಿಲ್ಲ, ಆ ಕಂಟೇನರ್ ಆದ ಮೇಲೆ ನಾವು ಅವರ ಹತ್ತಿರ ಹೋಗಲಿಲ್ಲ. ಏಜೆಂಟರಿಗೆ ಅಂಕ: ಒಂದು. ಅದೂ ಲಾರಿ ಬೇಗ ಕಳಿಸಿದ್ದಕ್ಕೆ.

ಈಗ ನೋಂದಣಿ ನಮ್ಮ ಆಫೀಸಿನಲ್ಲೇ ಆಗುತ್ತದೆ, ಅಕೌಂಟ್ಸ್ ನೋಡುವ ಹುಡುಗಿ ಮಾಡುತ್ತಾಳೆ. ಬಿಲ್ ಆಫ್ ಎಂಟ್ರಿ ಹಾಕುವುದು ಹೊಸ ಬ್ರೋಕರ್. ಹಾಕುವ ಮೊದಲು ಚೆಕ್‌ಲಿಸ್ಟ್ ಕಳಿಸಿ ಅಂತ ಹೇಳಿದ್ದೇವೆ, ಅದರಲ್ಲಿ ನಾಲ್ಕೇ ನಾಲ್ಕು ವಿಷಯ ನಾವು ನೋಡುತ್ತೇವೆ: ಕೋಡ್, ನೆಟ್ ಕಿಲೋ, ಪಿಮ್ಸ್ ನಂಬರ್, ಅದರ ಮುಕ್ತಾಯ ತಾರೀಖು. ಮಾಲು ಚೆನ್ನೈನಲ್ಲೇ ಬಿಡಿಸುವುದೋ, ರೈಲಿನಲ್ಲಿ ವೈಟ್‌ಫೀಲ್ಡ್ ಡಿಪೋಗೆ ತಂದು ಬಿಡಿಸುವುದೋ ಅನ್ನುವುದನ್ನೂ ಫಾರ್ಮ್ ತುಂಬುವ ಮೊದಲೇ ತೀರ್ಮಾನಿಸಿರುತ್ತೇವೆ, ಬಂದರಿನ ಹೆಸರು ಕೇಳುತ್ತಾರಲ್ಲ.

ಕಂಟೇನರ್ ಲೆಕ್ಕದಲ್ಲಿ ತರುವವರಿಗೆ ನನ್ನ ಮಾತು, ನೋಂದಣಿಗೆ ಯಾರಿಗೂ ದುಡ್ಡು ಕೊಡಬೇಡಿ, ನೀವೇ ಮಾಡಿ. ಒಂದೆರಡು ಪ್ಯಾಲೆಟ್ ಸಾಕು ಅನ್ನುವ ಮುದ್ರಣದವರು ಮೊದಲು ಬೆಂಗಳೂರಿನ ಕಾಗದದ ಅಂಗಡಿಗಳಿರುವ ಸುಲ್ತಾನ್‌ಪೇಟೆ ಒಂದು ಸುತ್ತು ಹಾಕಿ ಬನ್ನಿ. ನಿಮಗೆ ಬೇಕಾದ ಜಿಎಸ್‌ಎಮ್ ಯಾರಾದರೂ ತರಿಸಿ ಇಟ್ಟಿರುತ್ತಾರೆ. ಕಿಲೋಗೆ ನಾಲ್ಕೈದು ರೂಪಾಯಿ ಜಾಸ್ತಿ ಕೇಳಿದರೂ ಕೊಟ್ಟು ತನ್ನಿ.